ಉಪ್ಪಿನಕಾಯಿ ಬಾಟಲಿಗೆ ಒರಗಿದ ಫೋನು

(ಹೋದ ತಿಂಗಳು ನಮ್ಮ ಬಡಾವಣೆಯ ವಾಚನಾಲಯದಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಸಭಿಕರು ಹೇಳಿದ್ದನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಶುರುವಿಗೇ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಮೊನ್ನೆ ಮಂಗಳವಾರ ರಾತ್ರಿ ನಾನು ಉಪ್ಪಿಲ್ಲದ ಸಾರು ಉಂಡೆ. ಉಪ್ಪಿಲ್ಲ ಅಂತ ಗೊತ್ತಾಗಿದ್ದು ಬುಧವಾರ ಬೆಳಗ್ಗೆ.

ನಮ್ಮ ಮನೆಯವರು ಮಗಳ ಬಾಣಂತನಕ್ಕೆ ಅಂತ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಮೂರು ತಿಂಗಳಾಯಿತು. ಇನ್ನೂ ಮೂರು ತಿಂಗಳು ಬರುವುದಿಲ್ಲ. ಹೋಗುವಾಗ ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ ಎಲ್ಲ ಮಾಡಿ, ಡಬ್ಬಿಗಳ ಮೇಲೆ ಹೆಸರು ಬರೆದು ಅಂಟಿಸಿ ಹೋದರು. ಹಳೇ ಗಾಜಿನ ಹಾರ್ಲಿಕ್ಸ್ ಬಾಟಲಿಗೆ ಕತ್ತಿನವರೆಗೆ ಮಿಡಿ ಉಪ್ಪಿನಕಾಯಿ ತುಂಬಿಸಿಟ್ಟರು. ನನಗೆ ಅಡುಗೆ ಬರುತ್ತೆ. ಬ್ಯಾಂಕಿನಲ್ಲಿ ಊರೂರು ತಿರುಗಿದವನಿಗೆ ಬರದೆ ಇರುತ್ತಾ?

ಮಂಗಳವಾರ ಬೇಳೆ ಬೇಯಿಸಿ, ಟೊಮೆಟೊ ಹಾಕಿ, ಪುಡಿ ಹಾಕಿ, ಒಗ್ಗರಣೆ ಕೊಟ್ಟೆ. ತಟ್ಟೆ ತಂದು ಮೇಜಿನ ಮೇಲಿಟ್ಟೆ. ಉಪ್ಪಿನಕಾಯಿ ಬಾಟಲಿಗೆ ಫೋನ್ ಒರಗಿಸಿದೆ. ಯಾರೋ ಪುಣ್ಯಾತ್ಮರು ತುಕ್ಕು ಹಿಡಿದ ಜಾವಾ ಬೈಕೊಂದನ್ನು ಬಿಚ್ಚಿ, ತೊಳೆದು, ಬಣ್ಣ ಹೊಡೆದು ಸ್ಟಾರ್ಟ್ ಮಾಡುವ ವಿಡಿಯೋ. 22 ನಿಮಿಷದ್ದು. ನಮ್ಮ ಕಾಲದವರಿಗೆ ಜಾವಾ ಅಂದರೆ ಮೈಸೂರಿನ ಗಾಡಿ, ನೋಡದೆ ಇರೋಕಾಗಲ್ಲ. ಬೈಕು ಸ್ಟಾರ್ಟ್ ಆಯಿತು. ನನ್ನ ತಟ್ಟೆ ಖಾಲಿಯಾಗಿತ್ತು. ಪಾತ್ರೆ ನೋಡಿದರೆ ಎರಡು ಸಲ ಸಾರು ಹಾಕಿಕೊಂಡಿದ್ದೇನೆ.

ಬೆಳಗ್ಗೆ ಅದೇ ಸಾರು ಬಿಸಿ ಮಾಡಿ ತಂಗಳನ್ನಕ್ಕೆ ಕಲಸಿ ಒಂದು ತುತ್ತು ಬಾಯಿಗಿಟ್ಟೆ. ಸಪ್ಪೆ! ಒಂದು ಹರಳು ಉಪ್ಪು ಬಿದ್ದಿರಲಿಲ್ಲ.

(ಹಿಂದಿನ ಸಾಲಿನಿಂದ ಒಬ್ಬರು: "ರಾತ್ರಿ ಉಪ್ಪಿನಕಾಯಿ ನೆಂಚಿಕೊಂಡಿರ್ತೀರಿ ಸಾರ್, ಅದಕ್ಕೇ ಗೊತ್ತಾಗಿಲ್ಲ.")

ನಾನೂ ಹಾಗೇ ಅಂದುಕೊಂಡೆ. ಆಮೇಲೆ ಹೊಳೆಯಿತು. ಬಾಟಲಿಯ ಮುಚ್ಚಳ ತೆಗೆದರೆ ಫೋನ್ ಬೀಳುತ್ತೆ. ಹಾಗಾಗಿ ನಾನು ಎಷ್ಟೋ ದಿನಗಳಿಂದ ಉಪ್ಪಿನಕಾಯಿಯನ್ನೇ ತಿಂದಿಲ್ಲ. ಅದು ಈಗ ಫೋನ್ ಸ್ಟ್ಯಾಂಡು.

ಇವತ್ತಿನ ಮಾತು ಇದರ ಮೇಲೇ. ಅದಕ್ಕೆ ಮುಂಚೆ ಒಂದು ಪ್ರಶ್ನೆ. ನಿನ್ನೆ ರಾತ್ರಿ ಫೋನೂ ಟಿವಿಯೂ ಇಲ್ಲದೆ ಉಂಡವರು ಇಲ್ಲಿ ಎಷ್ಟು ಜನ? ಕೈ ಎತ್ತಿ.

(ಇಬ್ಬರು ಎತ್ತಿದರು. ಅದರಲ್ಲಿ ಒಬ್ಬರ ಮನೆಯಲ್ಲಿ ಕರೆಂಟ್ ಹೋಗಿತ್ತಂತೆ, ಫೋನಿನ ಚಾರ್ಜೂ ಮುಗಿದಿತ್ತಂತೆ.)

ಒಬ್ಬರೇ ಕೂತು ಉಣ್ಣುವುದು ಹೊಸ ರೋಗವೇನೂ ಅಲ್ಲ. 1986ರಲ್ಲಿ ನಾನು ಕೆಲಸದ ಮೇಲೆ ಕುಷ್ಟಗಿಗೆ ಹೋದೆ. ಆಗ ಅದು ರಾಯಚೂರು ಜಿಲ್ಲೆಯಲ್ಲಿತ್ತು. ಮಲೆನಾಡಿನಿಂದ ಹೋದವನಿಗೆ ಅಲ್ಲಿನ ಬಿಸಿಲು, ಮಾತು, ರೊಟ್ಟಿ ಎಲ್ಲವೂ ಹೊಸದು. ಒಂದು ರೂಮು, ಒಂದು ಚಾಪೆ, ಒಂದು ಟ್ರಾನ್ಸಿಸ್ಟರ್. ಮಧ್ಯಾಹ್ನ ಖಾನಾವಳಿಯಲ್ಲಿ ಊಟ. ರಾತ್ರಿಗೆ ಅಲ್ಲಿಂದಲೇ ಡಬ್ಬಿಯಲ್ಲಿ ರೊಟ್ಟಿ, ಪಲ್ಯ ಕಟ್ಟಿಸಿಕೊಂಡು ರೂಮಿಗೆ ಬರುತ್ತಿದ್ದೆ. ರೇಡಿಯೋ ಹಾಕಿಕೊಂಡು ಉಣ್ಣುತ್ತಿದ್ದೆ. ಧಾರವಾಡ ಆಕಾಶವಾಣಿ ಗೊರಗೊರ ಅನ್ನುತ್ತಾ ಬರುತ್ತಿತ್ತು.

ಆಕಾಶವಾಣಿ ಅಂತ ನೆನಪಾಗಿದ್ದಕ್ಕೆ ಹೇಳುತ್ತೇನೆ. 1935ರಲ್ಲಿ ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಪುಟ್ಟ ಬಾನುಲಿ ಕೇಂದ್ರ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ಬಂದಿದ್ದು ಅಲ್ಲಿಂದ. ಅವರು ಎಂಜಿನಿಯರ್ ಅಲ್ಲ, ಮನಶ್ಶಾಸ್ತ್ರದ ಮೇಷ್ಟ್ರು. ಮನುಷ್ಯನಿಗೆ ಮನೆಯೊಳಗೆ ಒಂದು ದನಿ ಬೇಕು ಅನ್ನುವುದು ಮನಸ್ಸು ಓದುವವರಿಗೆ ಮೊದಲು ಗೊತ್ತಾಗಿತ್ತೋ ಏನೋ. ಇದು ನನ್ನ ಊಹೆ, ಬಿಡಿ.

ಆದರೆ ರೇಡಿಯೋದಲ್ಲಿ ಒಂದು ಒಳ್ಳೆಯದಿತ್ತು. ಅದು ಕಿವಿ ಕೇಳುತ್ತಿತ್ತು, ಕಣ್ಣು ಕೇಳುತ್ತಿರಲಿಲ್ಲ. ಕಣ್ಣು ರೊಟ್ಟಿಯ ಮೇಲೇ ಇರುತ್ತಿತ್ತು. ಎಣ್ಣೆಗಾಯಿಯಲ್ಲಿ ಒಂದು ಬದನೆಕಾಯಿ ಹುಳುಕಿದ್ದರೆ ಗೊತ್ತಾಗುತ್ತಿತ್ತು. ಈಗ ಹುಳುವೇ ಎದ್ದು ನಮಸ್ಕಾರ ಹೇಳಿದರೂ ಗೊತ್ತಾಗುವುದು ಕಷ್ಟ.

ಟಿವಿಯ ಕಥೆ ಬೇರೆ. ಬೆಂಗಳೂರಿನಲ್ಲಿ ದೂರದರ್ಶನ ಬಂದಿದ್ದು 1981ರಲ್ಲಿ. ನಮ್ಮಂಥ ಊರುಗಳಿಗೆ ಆಮೇಲೆ. 1987ರಲ್ಲಿ ಭಾನುವಾರ ಬೆಳಗ್ಗೆ ರಾಮಾಯಣ ಬರುತ್ತಿದ್ದಾಗ ಟಿವಿ ಇದ್ದ ಮನೆಯಲ್ಲಿ ಇಡೀ ಬೀದಿ ಕೂತಿರುತ್ತಿತ್ತು. ಆ ಮನೆಯ ಹೆಂಗಸರಿಗೆ ಕಾಫಿ ಮಾಡಿ ಮಾಡಿ ಸಾಕಾಗುತ್ತಿತ್ತು. ಅಂದರೆ ಮೊದಮೊದಲು ತೆರೆ ಜನರನ್ನು ಸೇರಿಸಿತ್ತು. ಆಮೇಲೆ ಮನೆಗೊಂದು ಟಿವಿ, ಕೋಣೆಗೊಂದು ಟಿವಿ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಕೈಗೊಂದು.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಒಬ್ಬರೇ ಇರುವ ಮನೆಗಳು ನೂರಕ್ಕೆ ನಾಲ್ಕೂ ಇರಲಿಲ್ಲ. ಹಾಗಾದರೆ ಇದು ನಮ್ಮ ಸಮಸ್ಯೆಯೇ ಅಲ್ಲ ಅಂತೀರಾ? ಸ್ವಲ್ಪ ತಡೆಯಿರಿ. ನಾಲ್ಕು ಜನ ಇರುವ ಮನೆಯನ್ನೇ ತಗೊಳ್ಳಿ. ಮಗ ಏಳೂವರೆಗೆ, ಮಗಳು ಟ್ಯೂಷನ್ ಮುಗಿಸಿ ಎಂಟೂವರೆಗೆ, ಅಪ್ಪ ಹತ್ತಕ್ಕೆ, ಅಮ್ಮ ಎಲ್ಲ ಮುಗಿದ ಮೇಲೆ. ನಾಲ್ಕು ತಟ್ಟೆ, ನಾಲ್ಕು ಫೋನು. ಅಮೆರಿಕದ ಅಂಕಿ ಒಂದು ಇದೆ. 2023ರಲ್ಲಿ ಅಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಹಿಂದಿನ ದಿನದ ಎಲ್ಲ ಊಟವನ್ನೂ ಒಬ್ಬರೇ ಮಾಡಿದ್ದರು. 2003ಕ್ಕೆ ಹೋಲಿಸಿದರೆ ಇದು ಶೇಕಡ 53ರಷ್ಟು ಜಾಸ್ತಿ. ನಮ್ಮಲ್ಲಿ ಜನಗಣತಿಯವರು ಮನೆಯಲ್ಲಿ ಎಷ್ಟು ಜನ ಅಂತ ಕೇಳುತ್ತಾರೆ. ಎಷ್ಟು ಪಂಕ್ತಿ ಅಂತ ಯಾರು ಕೇಳುತ್ತಾರೆ?

ಈಗ ಸ್ವಲ್ಪ ಕೈಯ ವಿಷಯಕ್ಕೆ ಬರೋಣ. ಚಮಚ, ಫೋರ್ಕಿನಲ್ಲಿ ತಿನ್ನುವವರಿಗೆ ಇಲ್ಲದ ಒಂದು ಕಷ್ಟ ನಮಗಿದೆ. ಎಂಜಲು ಕೈ. ಬಲಗೈ ಸಾರನ್ನದಲ್ಲಿ ಮುಳುಗಿದೆ, ವಿಡಿಯೋ ನಡುವೆ ಜಾಹೀರಾತು ಬಂತು. ಏನು ಮಾಡುತ್ತೀರಿ? ಎಡಗೈ ತೋರುಬೆರಳು. ಎಡಗೈಯಲ್ಲಿ ಮಜ್ಜಿಗೆ ಲೋಟ ಇದ್ದರೆ? ಬಲಗೈಯ ಕಿರುಬೆರಳಿನ ಹಿಂಭಾಗ! ನಗಬೇಡಿ, ಎಲ್ಲರೂ ಮಾಡಿದ್ದೀರಿ. ನಮ್ಮಜ್ಜಿ ಎಂಜಲು ಕೈಯಲ್ಲಿ ಉಪ್ಪಿನ ಮರಿಗೆ ಮುಟ್ಟಿದರೆ ಮನೆ ಎತ್ತಿ ಹಾಕುತ್ತಿದ್ದರು. ಮಡಿ ಮೈಲಿಗೆ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಮ್ಮ ನೆಂಟರೊಬ್ಬರ ಫೋನನ್ನು ಮೊನ್ನೆ ಇಸ್ಕೊಂಡೆ. ಗಾಜಿನ ಮೇಲೆ ಮೊಸರಿನ ಬೆರಳಚ್ಚು.

ಇನ್ನೊಂದು ಗಮನಿಸಿದ್ದೀರಾ? ಕೆಲವು ಊಟ ಫೋನಿಗೆ ಒಗ್ಗುವುದೇ ಇಲ್ಲ. ಮುದ್ದೆ ನೋಡಿ. ಬಿಸಿ ಇರುವಾಗಲೇ ಮುರಿಯಬೇಕು, ಬೆರಳು ಸುಡದ ಹಾಗೆ ಅಂಚಿನಿಂದ ಚಿವುಟಬೇಕು, ಉಂಡೆ ಮಾಡಿ ಸಾರಿನಲ್ಲಿ ಹೊರಳಿಸಿ ನುಂಗಬೇಕು. ಗಮನ ತಪ್ಪಿದರೆ ಬೆರಳು ಸುಡುತ್ತೆ, ಇಲ್ಲ ಗಂಟಲಿಗೆ ಅಂಟಿಕೊಳ್ಳುತ್ತೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಉಡುಪಿ ಕಡೆಯವರೊಬ್ಬರು ಹೇಳುತ್ತಿದ್ದರು: "ಬೂತಾಯಿ ತಿನ್ನುವಾಗ ಫೋನ್ ನೋಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಮುಳ್ಳು ಸಿಕ್ಕಿದ್ರೆ ಡಾಕ್ಟ್ರ ಮುಖವೇ ನೋಡ್ಬೇಕು." ಎಲೆಯಲ್ಲಿ ಬೆಂದ ಕಡುಬು, ನುಗ್ಗೆಕಾಯಿ ಹುಳಿ, ಮಾವಿನಹಣ್ಣಿನ ಓಟೆ, ಇವಕ್ಕೆಲ್ಲ ಎರಡೂ ಕೈ ಬೇಕು, ಇಲ್ಲ ಎರಡೂ ಕಣ್ಣು ಬೇಕು.

ಹಾಗಾಗಿ ಏನಾಗುತ್ತೆ? ಅಡುಗೆಯೇ ಬದಲಾಗುತ್ತೆ. ನನ್ನ ಮೂರು ತಿಂಗಳ ಲೆಕ್ಕ ಹೇಳುತ್ತೇನೆ. ಮೊದಲ ತಿಂಗಳು ಸಾರು, ಪಲ್ಯ, ಕೋಸಂಬರಿ. ಎರಡನೇ ತಿಂಗಳು ಸಾರು ಮಾತ್ರ. ಈಗ ವಾರದಲ್ಲಿ ನಾಲ್ಕು ದಿನ ಚಿತ್ರಾನ್ನ, ಒಗ್ಗರಣೆ ಅವಲಕ್ಕಿ, ಇಲ್ಲ ಬಿಸಿಬೇಳೆಬಾತ್. ಒಂದೇ ಬಟ್ಟಲು, ಒಂದು ಚಮಚ, ಎಡಗೈ ಖಾಲಿ. ಬೆಂಗಳೂರಿನ ಪಿಜಿಗಳಲ್ಲಿ ಇರುವ ಹುಡುಗರೂ ಇದನ್ನೇ ಹೇಳುತ್ತಾರೆ. ಊಟ ತರಿಸುವ ಮುಂಚೆ ಏನು ನೋಡುವುದು ಅಂತ ತೀರ್ಮಾನ ಮಾಡುತ್ತಾರಂತೆ. ನೋಡುವುದು ಸಿಗದೆ ಊಟ ಆರಿಹೋಗುವುದೂ ಉಂಟಂತೆ. ನನಗೂ ಒಂದು ಸಲ ಹೀಗೇ ಆಯಿತು. ಹುಡುಕುತ್ತಾ ಹುಡುಕುತ್ತಾ ಅಕ್ಕಿರೊಟ್ಟಿ ಚಕ್ಕೆಯಾಯಿತು.

ವಿಜ್ಞಾನಿಗಳು ಇದನ್ನು ಬೇರೆ ದಾರಿಯಲ್ಲಿ ಹಿಡಿದಿದ್ದಾರೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಒಂದು ಪ್ರಯೋಗ, 2011ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಒಂದೇ ಊಟ, ಒಂಬತ್ತು ತಿನಿಸು. ಅರ್ಧ ಜನ ಕಂಪ್ಯೂಟರಿನಲ್ಲಿ ಸಾಲಿಟೇರ್ ಇಸ್ಪೀಟು ಆಡುತ್ತಾ ತಿಂದರು, ಇನ್ನರ್ಧ ಸುಮ್ನೆ ತಿಂದರು. ಅರ್ಧ ಗಂಟೆ ಬಿಟ್ಟು ಬಿಸ್ಕತ್ತು ಕೊಟ್ಟರು. ಆಟ ಆಡಿದವರು ಹೆಚ್ಚುಕಡಿಮೆ ಎರಡು ಪಟ್ಟು ಬಿಸ್ಕತ್ತು ತಿಂದರು. ಯಾವ ತಿನಿಸು ಮೊದಲು ತಿಂದಿರಿ, ಯಾವುದು ಆಮೇಲೆ ಅಂತ ಕೇಳಿದರೆ ತಡವರಿಸಿದರು. ಎರಡು ವರ್ಷದ ನಂತರ ಇಂಥ 24 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರೂ ಹೀಗೇ ಹೇಳಿದರು. ಗಮನ ಬೇರೆ ಕಡೆ ಇದ್ದರೆ ಆಗ ಸ್ವಲ್ಪ ಜಾಸ್ತಿ ತಿನ್ನುತ್ತೇವೆ, ಆಮೇಲೆ ಇನ್ನೂ ಜಾಸ್ತಿ. ಹೊಟ್ಟೆಗೂ ನೆನಪು ಬೇಕು. ಉಂಡಿದ್ದು ನೆನಪಿಲ್ಲದಿದ್ದರೆ ಅದು ಮತ್ತೆ ಕೇಳುತ್ತೆ.

ಇಲ್ಲಿಗೆ ನಿಲ್ಲಿಸಿ "ಆದ್ದರಿಂದ ಫೋನ್ ಬಿಡಿ, ನಾಲ್ಕು ಜನರ ಜೊತೆ ಉಣ್ಣಿ" ಅಂದುಬಿಟ್ಟರೆ ಭಾಷಣ ಸಲೀಸು. ಆದರೆ ಜಾನ್ ಡಿ ಕ್ಯಾಸ್ಟ್ರೋ ಅನ್ನುವ ಅಮೆರಿಕದ ಸಂಶೋಧಕರು ಜನರ ಊಟದ ದಿನಚರಿ ಬರೆಸಿ ನೋಡಿದಾಗ ಕಂಡಿದ್ದೇ ಬೇರೆ. ನಾಲ್ಕು ಜನರ ಜೊತೆ ಕೂತರೂ ನಾವು ಜಾಸ್ತಿಯೇ ತಿನ್ನುತ್ತೇವೆ, ಒಬ್ಬರೇ ಇದ್ದಾಗಲೇ ಕಡಿಮೆ. ಇದನ್ನು ಹೇಳಲು ಸಂಶೋಧನೆ ಯಾಕೆ, ಮದುವೆ ಮನೆಗೆ ಹೋಗಿ ಬಂದವರನ್ನು ಕೇಳಿ! ಮದುವೆಯಲ್ಲೂ ಜಾಸ್ತಿ ಉಣ್ಣುತ್ತೇವೆ, ಫೋನ್ ಮುಂದೆಯೂ ಜಾಸ್ತಿ ಉಣ್ಣುತ್ತೇವೆ. ಆದರೆ ಮದುವೆಯ ಹೋಳಿಗೆ ಹತ್ತು ವರ್ಷ ನೆನಪಿರುತ್ತೆ. ನನ್ನ ಸಾರು ಹತ್ತು ಗಂಟೆ ನೆನಪಿರಲಿಲ್ಲ.

ಕೊರಿಯಾದವರು ಈ ವಿಷಯದಲ್ಲಿ ನಮಗಿಂತ ಹದಿನೈದು ವರ್ಷ ಮುಂದಿದ್ದಾರೆ. ಅಲ್ಲಿ ಮೂರು ಮನೆಗಳಲ್ಲಿ ಒಂದು ಒಂಟಿ ಮನೆ. ಒಬ್ಬರೇ ಉಣ್ಣುವುದಕ್ಕೆ ಅವರ ಭಾಷೆಯಲ್ಲಿ ಒಂದು ಪದವೇ ಹುಟ್ಟಿಕೊಂಡಿದೆ, ಹೊನ್‌ಬಾಪ್ ಅಂತ. ಬಾಪ್ ಅಂದರೆ ಅನ್ನ. ನಮ್ಮ ಹಾಗೇ ಅವರಿಗೂ ಅನ್ನ ಅಂದರೇ ಊಟ. ಮುಕ್‌ಬಾಂಗ್ ಶುರುವಾಗಿದ್ದೂ ಅಲ್ಲೇ, 2009-10ರ ಹೊತ್ತಿಗೆ. ಒಬ್ಬ ವ್ಯಕ್ತಿ ಕ್ಯಾಮೆರಾ ಮುಂದೆ ಕೂತು ತಿನ್ನುತ್ತಾನೆ. ತಮ್ಮ ತಮ್ಮ ಮನೆಯಲ್ಲಿ ಒಬ್ಬೊಬ್ಬರೇ ಉಣ್ಣುವ ಸಾವಿರಾರು ಜನ ಅವನನ್ನು ನೋಡುತ್ತಾ ಉಣ್ಣುತ್ತಾರೆ. ನನಗೆ ಮೊದಲು ಇದು ಹುಚ್ಚಾಟ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಎದುರಿಗೆ ಒಂದು ಬಾಯಿ ಆಡುತ್ತಿರಬೇಕು, ಅಷ್ಟೇ ಅಲ್ವಾ? ಜೊತೆ ಅಂದರೆ ಅವರಿಗೆ ಅಷ್ಟಾದರೂ ಸಿಕ್ಕಿತು.

ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2017ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಒಂಟಿಯಾಗಿ ಉಣ್ಣುವ ವಯಸ್ಸಾದವರಿಗೆ ಊಟ ಯಾಕೆ ರುಚಿಸುವುದಿಲ್ಲ ಅನ್ನುವುದು ಅವರ ಚಿಂತೆ. ಜನರನ್ನು ಒಬ್ಬೊಬ್ಬರಾಗಿ ಕೂರಿಸಿ ಪಾಪ್‌ಕಾರ್ನ್ ಕೊಟ್ಟರು. ಒಮ್ಮೆ ಎದುರಿಗೆ ಗೋಡೆಯ ಚಿತ್ರ, ಒಮ್ಮೆ ಕನ್ನಡಿ. ಕನ್ನಡಿ ಇದ್ದಾಗ ರುಚಿ ಜಾಸ್ತಿ ಅಂದರು, ಜಾಸ್ತಿ ತಿಂದರು ಕೂಡ. ಕನ್ನಡಿಯ ಬದಲು ತಾವೇ ತಿನ್ನುತ್ತಿರುವ ಫೋಟೋ ಇಟ್ಟರೂ ಹಾಗೇ ಆಯಿತು! ನಾನೂ ಒಂದು ದಿನ ಕನ್ನಡಿ ಮುಂದೆ ಕೂತು ಚಿತ್ರಾನ್ನ ತಿಂದೆ. ರುಚಿಯ ವಿಷಯ ಗೊತ್ತಿಲ್ಲ. ತಿನ್ನುವಾಗ ನಾನು ಹುಬ್ಬು ಏರಿಸುತ್ತೇನೆ ಅಂತ ಅರವತ್ತಮೂರನೇ ವಯಸ್ಸಿಗೆ ಗೊತ್ತಾಯಿತು.

ಈಗ ನನ್ನ ಮಾತು. ನನಗೆ ಅನ್ನಿಸುವುದು, ಊಟಕ್ಕೆ ಜೊತೆ ಅಂದರೆ ಮಾತಾಡುವವರಲ್ಲ. ನಮ್ಮ ಹಿರಿಯರು ಉಣ್ಣುವಾಗ ಮಾತಾಡಲು ಬಿಡುತ್ತಲೇ ಇರಲಿಲ್ಲ. ಜೊತೆ ಅಂದರೆ ನಮ್ಮ ಎಲೆ ನೋಡುವವರು.

ಕುಷ್ಟಗಿಯ ಖಾನಾವಳಿಯಲ್ಲಿ ಒಬ್ಬ ಅಕ್ಕ ಇದ್ದರು. ಒಲೆ ಮುಂದೆ ಕೂತು ಪಟಪಟ ರೊಟ್ಟಿ ಬಡಿಯುತ್ತಿದ್ದರು. ತಲೆ ಎತ್ತುತ್ತಿರಲಿಲ್ಲ. ಆದರೆ ಯಾರ ತಟ್ಟೆಯಲ್ಲಿ ಎಷ್ಟನೇ ರೊಟ್ಟಿ ಅಂತ ಅವರಿಗೆ ಗೊತ್ತಿರುತ್ತಿತ್ತು. ಒಂದು ದಿನ ನನಗೆ ಜ್ವರ ಬರುವ ಹಾಗಿತ್ತು. ಯಾರಿಗೂ ಹೇಳಿರಲಿಲ್ಲ, ನನಗೇ ಸರಿಯಾಗಿ ಗೊತ್ತಿರಲಿಲ್ಲ. ಎರಡು ರೊಟ್ಟಿ ತಿಂದು ಎದ್ದೆ. ಒಲೆ ಕಡೆಯಿಂದ ದನಿ ಬಂತು: "ಯಾಕ್ರೀ ಸರ, ಇವತ್ತ ಎರಡ ರೊಟ್ಟಿಗೆ ಎದ್ರಿ? ಆರಾಮಿಲ್ಲೇನು?" ನಾಲ್ಕು ತಿಂಗಳಲ್ಲಿ ಅವರು ನನ್ನ ಜೊತೆ ಆಡಿದ ಉದ್ದದ ಮಾತು ಅದೇ. ಸಂಜೆ ಡಬ್ಬಿಯಲ್ಲಿ ರೊಟ್ಟಿಯ ಬದಲು ಗಂಜಿ ಇತ್ತು.

ನನ್ನ ಫೋನಿಗೆ ನಾನು ದಿನಕ್ಕೆ ಎಷ್ಟು ಹೆಜ್ಜೆ ಇಡುತ್ತೇನೆ ಗೊತ್ತು. ಯಾವ ವಿಡಿಯೋವನ್ನು ಎಲ್ಲಿಗೆ ನಿಲ್ಲಿಸಿದೆ ಗೊತ್ತು. ಜಾವಾ ನೋಡಿದವನಿಗೆ ಯೆಜ್ಡಿ ತೋರಿಸಬೇಕು ಅಂತಲೂ ಗೊತ್ತು. ಸಾರಿಗೆ ಉಪ್ಪಿಲ್ಲ ಅಂತ ಗೊತ್ತಿಲ್ಲ. ಅದರ ಮುಖ ನನ್ನ ಕಡೆಗೇ ಇದ್ದರೂ ತಟ್ಟೆ ಅದಕ್ಕೆ ಕಾಣುವುದಿಲ್ಲ.

(ಇಲ್ಲಿ ಎರಡನೇ ಸಾಲಿನಲ್ಲಿದ್ದ ಹಿರಿಯ ಹೆಂಗಸೊಬ್ಬರು ಎದ್ದರು. ಅವರ ಮಾತನ್ನು ಪೂರ್ತಿ ಬರೆಯುತ್ತೇನೆ.

"ನೀವು ಗಂಡಸರು, ನಿಮಗೆ ಎಲೆ ನೋಡೋರು ಇದ್ರು, ಅದಕ್ಕೇ ಈಗ ಬೇಜಾರು. ನಮ್ಮ ಎಲೆ ಯಾರು ನೋಡಿದ್ರು? ಮೂವತ್ತೈದು ವರ್ಷ ನಾನು ದೋಸೆ ಹುಯ್ದೆ. ಎಲ್ಲರದ್ದೂ ಆಗಿ ನಾನು ಕೂರೋ ಹೊತ್ತಿಗೆ ಕಾವಲಿ ಆರಿರ್ತಿತ್ತು, ಚಟ್ನಿ ಮುಗಿದಿರ್ತಿತ್ತು. ಈಗ ಮಕ್ಕಳು ದೂರ ಇದಾರೆ, ಯಜಮಾನರು ಇಲ್ಲ. ಬೆಳಗ್ಗೆ ಒಲೆ ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಫೋನಲ್ಲಿ ಸೀರಿಯಲ್ ಹಾಕ್ಕೋತೀನಿ. ಒಂದು ದೋಸೆ ಹುಯ್ಯೋದು, ಗರಿಗರಿ ಇರೋವಾಗಲೇ ತಿನ್ನೋದು, ಮತ್ತೊಂದು ಹುಯ್ಯೋದು. ಫೋನಿನಷ್ಟು ಒಳ್ಳೇ ಜೊತೆ ಇಲ್ಲ. ಅದು ಇನ್ನೊಂದು ದೋಸೆ ಹಾಕು ಅನ್ನಲ್ಲ.")

ಸಭೆಯಲ್ಲಿ ಚಪ್ಪಾಳೆ ಬಿತ್ತು. ನನಗೆ ಒಂದು ನಿಮಿಷ ಮಾತು ಹೊರಡಲಿಲ್ಲ. ಅವರು ಹೇಳಿದ್ದು ನಿಜ. ಪಂಕ್ತಿ, ಬಾಳೆಎಲೆ, ಬಡಿಸುವ ಕೈ ಅಂತ ನಾವು ಕಣ್ಣಲ್ಲಿ ನೀರು ತಂದುಕೊಂಡು ಹಾಡಿ ಹೊಗಳುತ್ತೇವೆ. ಆ ಪಂಕ್ತಿಗೆ ಯಾರನ್ನು ಸೇರಿಸುತ್ತಿದ್ದರು, ಯಾರನ್ನು ಹೊರಗೆ ಕೂರಿಸುತ್ತಿದ್ದರು ಅಂತಲೂ ಗೊತ್ತು. ನಮ್ಮಮ್ಮ ಒಬ್ಬರೇ ಅಡುಗೆಮನೆಯ ನೆಲದ ಮೇಲೆ ಕೂತು, ಪಾತ್ರೆಯ ತಳದಲ್ಲಿ ಉಳಿದಿದ್ದನ್ನು ಪಾತ್ರೆಯಲ್ಲೇ ಕಲಸಿಕೊಂಡು ಉಣ್ಣುತ್ತಿದ್ದುದನ್ನು ನಾನು ಸಾವಿರ ಸಲ ನೋಡಿದ್ದೇನೆ. "ಸಾರಿಗೆ ಉಪ್ಪು ಸರಿಯಾಗಿದೆಯಾ" ಅಂತ ಅಮ್ಮ ನಮ್ಮನ್ನು ಕೇಳುತ್ತಿದ್ದರು. ನಿನಗೆ ಸಾರು ಉಳಿದಿದೆಯಾ ಅಂತ ನಾವು ಕೇಳಿದ್ದು ನೆನಪಿಲ್ಲ.

ಅವರಿಗೆ ನಾನು ಇಷ್ಟೇ ಹೇಳಿದೆ: ನಿಮ್ಮ ಸ್ಟೂಲು, ನಿಮ್ಮ ಸೀರಿಯಲ್ಲು, ಯಾರೂ ಕೇಳಬಾರದು. ನಿಮ್ಮ ದೋಸೆ ಗರಿಗರಿ ಇದೆ ಅಂತ ನಿಮಗೆ ಗೊತ್ತಾಗುತ್ತಿದೆಯಲ್ಲ, ನನಗೆ ಅಷ್ಟೂ ಗೊತ್ತಾಗುತ್ತಿಲ್ಲ.

ನಮ್ಮ ಮನೆಯಾಕೆಯ ಮಾತಿಗೆ ಬಂದು ಮುಗಿಸುತ್ತೇನೆ. ನನಗೆ ರಾತ್ರಿ ಎಂಟಾದಾಗ ಅಲ್ಲಿ ಬೆಳಗ್ಗೆ ಏಳೂವರೆ. ಮಗು ಎದ್ದಿರುತ್ತೆ, ಮಗಳು ಮಲಗಿರುತ್ತಾಳೆ. ನಾಲ್ಕೈದು ದಿನಕ್ಕೊಮ್ಮೆ ಆ ಹೊತ್ತಿಗೆ ವಿಡಿಯೋ ಕರೆ ಬರುತ್ತೆ. ಅವಳ ಮಧ್ಯಾಹ್ನದ ಊಟವೂ ಒಂಟಿಯೇ ಅಂತೆ. ಬಾಣಂತಿಗೆ ಬಡಿಸಿ, ಮಗುವನ್ನು ಮಲಗಿಸಿ, ಎರಡು ಗಂಟೆಗೆ ಹಾಲಿನ ಡಬ್ಬಕ್ಕೆ ಫೋನ್ ಒರಗಿಸಿ ಕೂರುತ್ತಾಳೆ. ನಾವಿಬ್ಬರೂ ಮೂವತ್ತಾರು ವರ್ಷ ಒಂದೇ ಮೇಜಿನಲ್ಲಿ ಉಂಡವರು.

ಕರೆ ಬಂದಾಗ ನಾನು ಫೋನನ್ನು ಸ್ವಲ್ಪ ಮೇಲಕ್ಕೆ ಓರೆ ಮಾಡಿ ಇಡುತ್ತಿದ್ದೆ. ಮುಖ ಕಾಣಬೇಕು, ಬಟ್ಟಲು ಕಾಣಬಾರದು. ಮೊನ್ನೆ ಅವಳು ಕೇಳಿಯೇ ಬಿಟ್ಟಳು.

"ಏನ್ರೀ, ದಿನಾ ಫ್ಯಾನ್ ತೋರಿಸ್ತೀರಲ್ಲ. ತಟ್ಟೆ ತೋರಿಸಿ."

ತೋರಿಸಿದೆ. ಚಿತ್ರಾನ್ನ.

"ಮೊನ್ನೆನೂ ಚಿತ್ರಾನ್ನ. ಪಲ್ಯ ಎಲ್ಲಿ?"

"ನಾಳೆ ಮಾಡ್ತೀನಿ ಮಾರಾಯ್ತಿ."

"ಉಪ್ಪಿನಕಾಯಿ ಖಾಲಿ ಆಗಿರಬೇಕಲ್ಲ? ಅಕ್ಕನ ಹತ್ರ ಇನ್ನೊಂದು ಬಾಟಲಿ ಕಳಿಸೋಕೆ ಹೇಳ್ತೀನಿ."

"ಬೇಡ ಬೇಡ, ಇನ್ನೂ ಇದೆ."

"ಎಷ್ಟಿದೆ? ತೋರಿಸಿ ನೋಡೋಣ."

ಮನೆಯಲ್ಲಿ ಫೋನಿಗೆ ಕಾಣದ ಒಂದೇ ಒಂದು ವಸ್ತು ಇದ್ದರೆ ಅದು ಈ ಬಾಟಲಿ. ಅದಕ್ಕೆ ಬೆನ್ನು ಒರಗಿಸಿಯೇ ಅದು ಕೂತಿರುವುದು. ವಿಧಿಯಿಲ್ಲದೆ ಎಡಗೈಯಲ್ಲಿ ಫೋನ್ ಎತ್ತಿ ಬಾಟಲಿಯ ಕಡೆ ತಿರುಗಿಸಿದೆ. ಕತ್ತಿನವರೆಗೆ ಹಾಗೇ ಇತ್ತು.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಮಗು ಏನೋ ಸದ್ದು ಮಾಡಿತು.

"ತೆಗೀರಿ ಮುಚ್ಚಳ," ಅಂದಳು. "ನಾನು ನೋಡ್ತಾ ಇರ್ತೀನಿ."

ಫೋನನ್ನು ಎಲ್ಲಿಡುವುದು ಅಂತ ಹುಡುಕಿದೆ. ಕೊನೆಗೆ ನೀರಿನ ಚೊಂಬಿಗೆ ಒರಗಿಸಿದೆ. ಮೂರು ತಿಂಗಳು ಮುಟ್ಟದ ಮುಚ್ಚಳ ಬಿಗಿದುಕೊಂಡಿತ್ತು. ಎಷ್ಟು ತಿರುಗಿಸಿದರೂ ಬರಲಿಲ್ಲ. "ಬಿಸಿನೀರಲ್ಲಿ ಬಟ್ಟೆ ಅದ್ದಿ ಸುತ್ತಿರೀ," ಅಂತ ಕ್ಯಾಲಿಫೋರ್ನಿಯಾದಿಂದ ಹೇಳುತ್ತಲೇ ಇದ್ದಳು.